ಕಾರಿನೊಳಗಿನ ಅಲಂಕಾರ ದೀಪ: ಬೆಳಕಿಗಿಂತ ಮೊದಲು ತಂತಿಯನ್ನು ನೋಡಿ

ಪೆರ್ಲ ಸಮೀಪದ ಅಡಿಕೆ ಕೃಷಿಕರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ:

"ನಮ್ಮದು 2022ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಮಗ ಆನ್‌ಲೈನಿನಲ್ಲಿ ನಾಲ್ಕು ಪಟ್ಟಿಗಳ ಬಣ್ಣದ ಎಲ್‌ಇಡಿ ಕಿಟ್ ತರಿಸಿದ್ದಾನೆ. ಒಂದೊಂದು ಪಟ್ಟಿಯಲ್ಲಿ 12 ದೀಪಗಳಿವೆ. ಫೋನಿನಿಂದ ಬಣ್ಣ ಬದಲಿಸಬಹುದು, ಹಾಡಿನ ತಾಳಕ್ಕೆ ಮಿನುಗುವಂತೆಯೂ ಮಾಡಬಹುದು. ಅದನ್ನು ನಾವೇ ಮನೆಯಲ್ಲಿ ಅಳವಡಿಸಬೇಕೆಂದಿದ್ದೇವೆ. ಆದರೆ ಒಬ್ಬರು ಬ್ಯಾಟರಿ ಖಾಲಿಯಾಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಕಾರಿಗೆ ಬೆಂಕಿ ಬೀಳುತ್ತದೆ ಎಂದು ಹೆದರಿಸುತ್ತಾರೆ. ಷೋರೂಮಿನವರು ವಾರಂಟಿ ಹೋಗುತ್ತದೆ ಎಂದರು. ಬಂಧುಗಳನ್ನು ಬಿಡಲು ರಾತ್ರಿ ಹೊತ್ತು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವುದಿದೆ. ದಾರಿಯಲ್ಲಿ ತಪಾಸಣೆಯವರು ಹಿಡಿದಾರೇ ಎಂಬ ಅಂಜಿಕೆ ಬೇರೆ. ವರ್ಷಕ್ಕೊಮ್ಮೆ ನಾವು ದುಬೈಯಲ್ಲಿರುವ ತಮ್ಮನ ಮನೆಗೆ ಹೋದಾಗ ಕಾರು ಮೂರು ವಾರ ಶೆಡ್ಡಿನಲ್ಲೇ ಇರುತ್ತದೆ. ಈ ಕೆಲಸಕ್ಕೆ ಕೈಹಾಕಬಹುದೇ?"

ಕೈಹಾಕಬಹುದು. ಆದರೆ ನೀವು ಇದನ್ನು ಅಲಂಕಾರದ ಕೆಲಸವೆಂದು ತಿಳಿದಿದ್ದೀರಿ. ನಾನು ಇದನ್ನು ವೈರಿಂಗ್ ಕೆಲಸವೆಂದು ನೋಡುತ್ತೇನೆ. ಕಾಸರಗೋಡಿನಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ವಾಹನಗಳ ವಿದ್ಯುತ್ ಕೆಲಸವನ್ನೇ ಮಾಡಿಕೊಂಡು ಬಂದಿರುವ ನನ್ನ ಬಳಿಗೆ ಇಂತಹ ದೀಪಗಳಿಂದ ತೊಂದರೆಗೊಳಗಾದ ಕಾರುಗಳು ಬಂದಾಗ, ದೀಪವೇ ಕಾರಣವಾಗಿದ್ದ ಪ್ರಸಂಗಗಳು ಬಹಳ ಕಡಿಮೆ. ತಂತಿಯನ್ನು ಎಲ್ಲಿಂದ ಎಳೆದಿದ್ದಾರೆ, ಯಾವ ದಾರಿಯಲ್ಲಿ ಒಯ್ದಿದ್ದಾರೆ, ಏನನ್ನು ನಂಬಿ ಅಂಟಿಸಿದ್ದಾರೆ ಎಂಬಲ್ಲಿಯೇ ತಪ್ಪು ಸಿಕ್ಕಿದೆ.

ಮೊದಲು ಬೆಂಕಿಯ ಮಾತು, ಏಕೆಂದರೆ ನಿಮ್ಮ ಭಯಗಳಲ್ಲಿ ಅದೇ ದೊಡ್ಡದು. "ಹನ್ನೆರಡು ವೋಲ್ಟ್ ತಾನೇ, ಏನಾಗುತ್ತದೆ?" ಎನ್ನುವವರ ಮಾತು ಅರ್ಧ ಸತ್ಯ. ಹನ್ನೆರಡು ವೋಲ್ಟ್ ಮುಟ್ಟಿದರೆ ಕೈಗೆ ಶಾಕ್ ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಅದೇ ಬ್ಯಾಟರಿ ಸ್ಟಾರ್ಟರ್ ಮೋಟಾರನ್ನು ತಿರುಗಿಸಲು ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಕರೆಂಟನ್ನು ಹರಿಸಬಲ್ಲದು. ಕಿಟ್‌ನೊಂದಿಗೆ ಬರುವ ಸಪೂರ ತಂತಿಯ ಸಿಪ್ಪೆ ಎಲ್ಲಿಯಾದರೂ ಕಿತ್ತು, ಒಳಗಿನ ತಾಮ್ರ ಕಾರಿನ ಕಬ್ಬಿಣಕ್ಕೆ ತಗುಲಿತೆಂದರೆ, ಅದನ್ನು ತಡೆಯುವ ಫ್ಯೂಸ್ ಇಲ್ಲದಿದ್ದಲ್ಲಿ ಆ ತಂತಿ ಸ್ಟವ್ವಿನ ಕಾಯಿಲಿನಂತೆ ಕೆಂಪಗೆ ಕಾಯುತ್ತದೆ. ಅದರ ಮೇಲೆ ಕಾರ್ಪೆಟ್ಟು, ಸ್ಪಂಜು, ಪ್ಲಾಸ್ಟಿಕ್ ಇರುತ್ತವೆ. ಫ್ಯೂಸ್ ಇರುವುದು ದೀಪವನ್ನು ಉಳಿಸಲಿಕ್ಕೆ ಎಂದು ಬಹುಮಂದಿ ಭಾವಿಸುತ್ತಾರೆ. ಫ್ಯೂಸ್ ಕಾಯುವುದು ತಂತಿಯನ್ನು. ಆದುದರಿಂದಲೇ ತಂತಿ ಎಷ್ಟು ಸಪೂರವೋ ಫ್ಯೂಸ್ ಅಷ್ಟು ಸಣ್ಣದಿರಬೇಕು, ಮತ್ತು ಅದು ದೀಪದ ಬಳಿಯಲ್ಲದೆ ಕರೆಂಟು ಹೊರಡುವ ಜಾಗದಲ್ಲಿಯೇ ಇರಬೇಕು.

ಒಮ್ಮೆ ನಮ್ಮಲ್ಲಿಗೆ ಬಂದ ಕಾರೊಂದರಲ್ಲಿ ಚಾಲಕನ ಸೀಟಿನ ಅಡಿಯಿಂದ ಸುಟ್ಟ ವಾಸನೆ ಬರುತ್ತಿತ್ತು. ಹಾಸನ್ನು ಎತ್ತಿ ನೋಡಿದರೆ, ಸೀಟು ಹಿಂದೆ ಮುಂದೆ ಜಾರುವ ಹಳಿಯ ಅಡಿಯಲ್ಲಿ ದೀಪದ ತಂತಿ ಸಿಕ್ಕಿಕೊಂಡು ಜಜ್ಜಿಹೋಗಿತ್ತು. ಮೊದಲೆರಡು ಸಲ 10 ಆಂಪಿಯರಿನ ಫ್ಯೂಸ್ ಹಾರಿದಾಗ ಮಾಲೀಕರು ಕಾರಣ ಹುಡುಕುವ ಬದಲು 30 ಆಂಪಿಯರಿನದ್ದನ್ನು ಹಾಕಿದ್ದರು. ಅಲ್ಲಿಗೆ ಫ್ಯೂಸ್ ಹಾರುವುದು ನಿಂತಿತು, ತಂತಿ ಬೇಯುವುದು ಆರಂಭವಾಯಿತು. ಸಕಾಲದಲ್ಲಿ ವಾಸನೆ ತಿಳಿದುದರಿಂದ ಕಾರು ಉಳಿಯಿತು. ಫ್ಯೂಸ್ ಹಾರಿದರೆ ಅದು ಕಾರು ನಿಮಗೆ ಹೇಳುತ್ತಿರುವ ದೂರು. ಅದರ ಬಾಯಿ ಮುಚ್ಚಿಸಬೇಡಿ.

ಹಾಗಾದರೆ ನಿಮ್ಮ ಕಿಟ್‌ಗೆ ಎಷ್ಟು ಆಂಪಿಯರ್ ಸಾಕು? ನಾಲ್ಕು ಪಟ್ಟಿಗಳಲ್ಲಿ ಒಟ್ಟು 48 ದೀಪಗಳು. ಇಂತಹ 12 ವೋಲ್ಟಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೂರು ಮೂರು ದೀಪಗಳನ್ನು ಸರಣಿಯಲ್ಲಿ ಜೋಡಿಸಿ ಒಂದು ಗುಂಪು ಮಾಡಿರುತ್ತಾರೆ. ಪಟ್ಟಿಯನ್ನು ಮೂರು ದೀಪಕ್ಕೊಮ್ಮೆ ಬರುವ ಗುರುತಿನಲ್ಲಿ ಮಾತ್ರ ಕತ್ತರಿಸಬೇಕೆನ್ನುವುದು ಇದೇ ಕಾರಣಕ್ಕೆ. ಹೀಗೆ 16 ಗುಂಪುಗಳು. ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಉರಿಯುವಾಗ ಗುಂಪಿಗೆ 60 ಮಿಲಿ ಆಂಪಿಯರ್, ಎಲ್ಲ ಸೇರಿ ಹೆಚ್ಚುಕಡಿಮೆ 1 ಆಂಪಿಯರ್. ಎಂಜಿನ್ ಚಾಲೂ ಇರುವಾಗ ಇದು ಇನ್ನಷ್ಟು ಏರುತ್ತದೆ. 3 ಆಂಪಿಯರಿನ ಫ್ಯೂಸ್ ಧಾರಾಳವಾಯಿತು. ಮಲ್ಟಿಮೀಟರ್ (ವೋಲ್ಟೇಜು, ಕರೆಂಟು ಅಳೆಯುವ ಉಪಕರಣ) ಇದ್ದರೆ ಅದರ ಕೆಂಪು ತಂತಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ದೀಪದೊಂದಿಗೆ ಸರಣಿಯಲ್ಲಿ ಜೋಡಿಸಿ, ನಿಮ್ಮ ಕಿಟ್ ನಿಜವಾಗಿ ಎಷ್ಟು ಎಳೆಯುತ್ತದೆಂದು ನೋಡಿಕೊಳ್ಳಿ.

ಎಂಜಿನ್ ಚಾಲೂ ಇರುವಾಗ ಏರುತ್ತದೆ ಎಂದೆನಲ್ಲ, ಈ ದೀಪಗಳು ಆರು ತಿಂಗಳಲ್ಲೇ ಕಣ್ಣು ಮುಚ್ಚುವುದಕ್ಕೂ ಅದೇ ಕಾರಣ. ಕಾರಿನ ವಿದ್ಯುತ್ತನ್ನು 12 ವೋಲ್ಟ್ ಎಂದು ಕರೆಯುವುದು ವಾಡಿಕೆ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸುತ್ತದೆ; ಎಂಜಿನ್ ಓಡಿ, ಅದರಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಚಾರ್ಜ್ ಮಾಡತೊಡಗಿದಾಗ ಅದು 13.8ರಿಂದ 14.5ರವರೆಗೂ ಹೋಗುತ್ತದೆ. ನೀಲಿ ಅಥವಾ ಹಸಿರು ದೀಪವೊಂದು ಸುಮಾರು 3.2 ವೋಲ್ಟ್ ತೆಗೆದುಕೊಂಡರೆ ಮೂರಕ್ಕೆ 9.6 ಆಯಿತು. ಹನ್ನೆರಡರಲ್ಲಿ ಉಳಿದ 2.4 ವೋಲ್ಟನ್ನು ಗುಂಪಿನ ಪುಟ್ಟ ರೆಸಿಸ್ಟರ್ ಹೊರಬೇಕು, ಕರೆಂಟು ಎಷ್ಟು ಹರಿಯಬೇಕೆಂದು ನಿರ್ಧರಿಸುವುದೂ ಅದೇ. ವೋಲ್ಟೇಜು 14.4 ಆದಾಗ ಅದರ ಪಾಲಿಗೆ 4.8 ಬರುತ್ತದೆ, ಎಂದರೆ ಇಮ್ಮಡಿ. ಹೊರಗಿನಿಂದ ವೋಲ್ಟೇಜು ಹೆಚ್ಚಿದ್ದು ಐದರಲ್ಲೊಂದು ಪಾಲು ಮಾತ್ರ, ಒಳಗೆ ಕರೆಂಟು ಬಹುತೇಕ ಎರಡು ಪಟ್ಟಾಯಿತು, ರೆಸಿಸ್ಟರಿನ ಬಿಸಿ ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಕೆಂಪು ದೀಪಕ್ಕೆ ಬೇಕಾದುದು 2 ವೋಲ್ಟ್ ಮಾತ್ರವಾದ್ದರಿಂದ ಅದರ ಮೇಲಿನ ಹೊಡೆತ ಕಡಿಮೆ. ಹಳೆಯ ಕಿಟ್‌ಗಳಲ್ಲಿ ಬಿಳಿ ಬಣ್ಣ ಕ್ರಮೇಣ ಕೆಂಪಡರಿದಂತೆ ಕಾಣುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಎಲ್‌ಇಡಿ ಬಿಸಿಯಾಗುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಬಿಸಿ ಬೆಳಕಿನ ಕಡೆಗಲ್ಲದೆ ಬೆನ್ನಿನ ಕಡೆಗೆ ಬರುತ್ತದೆ, ಅಷ್ಟೇ. ಇದಕ್ಕೆ ಮದ್ದು ಎರಡು: 12 ವೋಲ್ಟಿಗೆ ಸ್ಥಿರವಾಗಿ ಇಳಿಸಿಕೊಡುವ ಒಳ್ಳೆಯ ಕನ್ವರ್ಟರನ್ನು ನಡುವೆ ಹಾಕುವುದು, ಅಥವಾ 5 ವೋಲ್ಟಿನ ಯುಎಸ್‌ಬಿ ಕಿಟ್ಟನ್ನೇ ಬಳಸುವುದು. ಅಗ್ಗದ ಕನ್ವರ್ಟರುಗಳು ಎಫ್‌ಎಂ ರೇಡಿಯೊಗೆ ಗೊರಗೊರ ಸದ್ದು ತರುತ್ತವೆ. ದೀಪ ಹಾಕಿದ ಮೇಲೆ ಮಂಗಳೂರು ಆಕಾಶವಾಣಿ ಸರಿಯಾಗಿ ಕೇಳುವುದಿಲ್ಲ ಎಂದು ಬರುವವರಿಗೆ ನಾನು ಮೊದಲು ಬಿಚ್ಚಿಸುವುದು ಆ ಪೆಟ್ಟಿಗೆಯನ್ನು.

ಬ್ಯಾಟರಿಯ ವಿಷಯದಲ್ಲಿ ನಿಮಗೆ ಹೇಳಿದವರ ಮಾತು ಸುಳ್ಳಲ್ಲ, ಆದರೆ ಕಾರಣ ಬೇರೆ. ಕಾರು ಓಡುತ್ತಿರುವಾಗ ಈ ದೀಪಗಳು ಎಳೆಯುವ ಒಂದೆರಡು ಆಂಪಿಯರ್ ಆಲ್ಟರ್ನೇಟರಿಗೆ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಡುವುದು ದೀಪ ಆರಿಸಿದ ಮೇಲೂ ಫೋನಿನ ಆದೇಶಕ್ಕಾಗಿ ಎಚ್ಚರವಾಗಿಯೇ ಕುಳಿತಿರುವ ಬ್ಲೂಟೂತ್ ಕಂಟ್ರೋಲರ್. ಅದು 30 ಮಿಲಿ ಆಂಪಿಯರ್ ಮಾತ್ರ ಎಳೆಯುತ್ತದೆಂದು ಇಟ್ಟುಕೊಳ್ಳಿ, ದಿನಕ್ಕೆ 0.72 ಆಂಪಿಯರ್ ಅವರ್, ನೀವು ದುಬೈಯಲ್ಲಿರುವ 21 ದಿನಗಳಲ್ಲಿ 15 ಆಂಪಿಯರ್ ಅವರ್. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಗೆ ಅದು ಅರ್ಧಕ್ಕೆ ಹತ್ತಿರ. ಗಡಿಯಾರ, ಲಾಕ್, ಕಂಪ್ಯೂಟರ್ ಎಂದು ಕಾರು ತಾನೇ ಎಳೆದುಕೊಳ್ಳುವ ಪಾಲು ಇದಕ್ಕೆ ಹೊರತು. ವಿಮಾನ ಇಳಿದು ಮನೆಗೆ ಬಂದ ಮರುದಿನ ಕಾರು ಸ್ಟಾರ್ಟ್ ಆಗದೆ ಕರೆ ಮಾಡುವವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಹಾಗಾಗಿ ದೀಪಕ್ಕೆ ಕರೆಂಟು ಬರಬೇಕಾದುದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಸಾಲಿನಿಂದ. ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಸಾಕೆಟ್ ಸದಾ ಜೀವಂತವಿರುತ್ತದೆ. ಕಾರನ್ನು ಲಾಕ್ ಮಾಡಿ, ಒಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಕಾಲು ಗಂಟೆಯಷ್ಟು ಬಿಟ್ಟು, ಆಮೇಲೂ ಆ ಸಾಲಿನಲ್ಲಿ ವೋಲ್ಟೇಜು ಇದೆಯೇ ಎಂದು ಪರೀಕ್ಷಿಸಿದರೆ ನಿಮ್ಮ ಕಾರಿನ ಸತ್ಯ ತಿಳಿಯುತ್ತದೆ.

ಈಗ ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವ ಎರಡು ಜಾಗಗಳಿಗೆ ಬರುತ್ತೇನೆ. ಬೆಂಕಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಮೊದಲನೆಯದು ಚಾಲಕನ ಕಾಲ ಬುಡ. ಕಿಟ್‌ನ ಹಿಂಬದಿಯಲ್ಲಿರುವ ಅಂಟು ಪಟ್ಟಿಯನ್ನು ನಂಬಿ ಜನರು ಡ್ಯಾಶ್‌ಬೋರ್ಡಿನ ಅಡಿಗೆ ದೀಪವನ್ನು ಅಂಟಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಕೈ ಇಟ್ಟವರಿಗೆ ಗೊತ್ತು, ಅಲ್ಲಿ ಅಂಟು ಮೆತ್ತಗಾಗಿ ಜಾರತೊಡಗುತ್ತದೆ. ಬಳಿಕ ಮಳೆಗಾಲದ ತೇವ ಉಳಿದುದನ್ನು ಸಡಿಲಿಸುತ್ತದೆ. ಹಾಗೆ ಕಳಚಿದ ಪಟ್ಟಿ ಅಥವಾ ಜೋತುಬಿದ್ದ ತಂತಿ ಬ್ರೇಕ್ ಪೆಡಲಿನ ಹಿಂದೆ ಸಿಲುಕಿದರೆ, ಕ್ಲಚ್ ಒತ್ತುವ ಪಾದಕ್ಕೆ ಸುತ್ತಿಕೊಂಡರೆ ಏನಾದೀತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಪಾಲಿಷಿನಲ್ಲಿರುವ ಸಿಲಿಕೋನ್ ಅಂಟಿನ ಶತ್ರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆಯೇ ಅಂಟಿಸಬೇಕು. ಅಂಟಿನ ಜೊತೆಗೆ ಪ್ರತಿ ಪಟ್ಟಿಯ ಎರಡೂ ತುದಿಗಳನ್ನು ಪ್ಲಾಸ್ಟಿಕ್ ಟೈಯಿಂದ ಕಾರಿನ ಗಟ್ಟಿ ಭಾಗಕ್ಕೆ ಬಿಗಿಯಲೇಬೇಕು. ಬಿಗಿದ ಬಳಿಕ ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಮೂರೂ ಪೆಡಲುಗಳನ್ನು ಪೂರ್ತಿ ಒತ್ತಿ, ಸೀಟನ್ನು ಮುಂದಕ್ಕೂ ಹಿಂದಕ್ಕೂ ಜಾರಿಸಿ, ತಂತಿ ಯಾವುದಕ್ಕೂ ತಾಗುವುದಿಲ್ಲವೆಂದು ಟಾರ್ಚ್ ಹಿಡಿದು ನೋಡಿ. ನನ್ನನ್ನು ಕೇಳಿದರೆ ಚಾಲಕನ ಬದಿಯ ಪಟ್ಟಿಯನ್ನು ಪೆಡಲಿನ ನೇರಕ್ಕೆ ಹಾಕದೆ, ಬಾಗಿಲ ಪಕ್ಕಕ್ಕೆ ಸರಿಸುವುದೇ ಲೇಸು.

ಎರಡನೆಯದು ಏರ್‌ಬ್ಯಾಗ್. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈಯಿಂದಲೂ ಪಕ್ಕದ ಪ್ರಯಾಣಿಕರದ್ದು 2021ರ ಕೊನೆಯಿಂದಲೂ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿರುವುದರಿಂದ ನಿಮ್ಮ ಕಾರಿನಲ್ಲಿ ಕಡಿಮೆಯೆಂದರೆ ಎರಡು ಇವೆ. ಡಿಕ್ಕಿಯಾದಾಗ ಅವು ಉಬ್ಬಲು ತೆಗೆದುಕೊಳ್ಳುವ ಸಮಯ ಸುಮಾರು 30 ಮಿಲಿಸೆಕೆಂಡು, ರೆಪ್ಪೆ ಮಿಟುಕಿಸುವುದಕ್ಕಿಂತ ಬೇಗ. ಆ ಹಾದಿಗೆ ಅಡ್ಡವಾಗಿ ಅಂಟಿಸಿದ ಯಾವ ವಸ್ತುವೂ ಗುಂಡಿನಂತೆ ಮುಖದತ್ತ ಹಾರಬಲ್ಲದು. ಡ್ಯಾಶ್‌ಬೋರ್ಡಿನ ಮೇಲ್ಭಾಗದ ಸೀಳುಗೆರೆಯ ಮೇಲಾಗಲಿ, ಪರದೆಯಂತಹ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಾಜಿನ ಪಕ್ಕದ ಕಂಬದ ಹೊದಿಕೆಯೊಳಗಾಗಲಿ ದೀಪ ಅಥವಾ ತಂತಿ ಇರಲೇಬಾರದು. ಹಳದಿ ಬಣ್ಣದ ಕನೆಕ್ಟರ್ ಕಂಡಲ್ಲಿ ಕೈ ಹಿಂದೆಗೆಯಿರಿ. ಸೀಟಿನ ಅಡಿಯಲ್ಲಿಯೂ ಅವು ಇರುತ್ತವೆ. ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಯಾವುದನ್ನೂ ಅವಕ್ಕೆ ತಾಗಿಸಬೇಡಿ. ಡ್ಯಾಶ್‌ಬೋರ್ಡಿನ ಭಾಗಗಳನ್ನು ಬಿಚ್ಚಬೇಕಾದ ಅಳವಡಿಕೆಯನ್ನು, ಬಾಗಿಲಿನ ಒಳಗೆ ತಂತಿ ಒಯ್ಯುವ ಉದ್ದನೆಯ ಗೆರೆದೀಪಗಳನ್ನು ಮನೆಯಂಗಳದಲ್ಲಿ ಮಾಡಲು ನಾನು ಯಾರಿಗೂ ಹೇಳುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಅತ್ಯಂತ ಸರಳವಾದುದು ಈ ಕಿಟ್ಟನ್ನು ಸಾಕೆಟ್ಟಿಗೆ ಚುಚ್ಚಿ ಬಳಸುವುದು. ಕಾರಿನ ಒಂದು ತಂತಿಯನ್ನೂ ಮುಟ್ಟಬೇಕಾಗಿಲ್ಲ, ಬೇಡವಾದಾಗ ಕೀಳಬಹುದು, ವಾರಂಟಿಯ ಪ್ರಶ್ನೆಯೂ ಏಳುವುದಿಲ್ಲ. ತಂತಿ ಸ್ವಲ್ಪ ಕಣ್ಣಿಗೆ ಕಾಣುತ್ತದೆ ಎಂಬುದೊಂದೇ ಕೊರತೆ. ಮೊದಲ ಎರಡು ತಿಂಗಳು ಹೀಗೆಯೇ ಬಳಸಿ ನೋಡಿ ಎಂಬುದು ನನ್ನ ಸಲಹೆ. ಎಷ್ಟೋ ಮಂದಿಗೆ ಆ ಅವಧಿಯಲ್ಲೇ ದೀಪದ ಆಸೆ ತೀರಿರುತ್ತದೆ.

ತಂತಿ ಕಾಣಬಾರದೆಂದಿದ್ದರೆ ಫ್ಯೂಸ್ ಟ್ಯಾಪ್ ಇದೆ, ಎಂದರೆ ಒಂದೇ ಫ್ಯೂಸ್ ಗೂಡಿನಿಂದ ಇನ್ನೊಂದು ಸಾಲು ತೆಗೆಯುವ ಪುಟ್ಟ ಸಾಧನ. ಸಾಕೆಟ್ಟಿನ ಫ್ಯೂಸನ್ನು ಕಿತ್ತು ಆ ಜಾಗದಲ್ಲಿ ಇದನ್ನು ಕೂರಿಸಿದರೆ, ಹಳೆಯ ಫ್ಯೂಸ್ ಒಂದು ಗೂಡಿನಲ್ಲಿ, ದೀಪದ 3 ಆಂಪಿಯರಿನ ಫ್ಯೂಸ್ ಇನ್ನೊಂದರಲ್ಲಿ ಕುಳಿತುಕೊಳ್ಳುತ್ತವೆ. ಕಾರಿನಲ್ಲಿರುವುದು ಮಿನಿ ಫ್ಯೂಸೋ ಇನ್ನೂ ಸಣ್ಣ ಮೈಕ್ರೋವೋ ಎಂದು ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಸಡಿಲ ಕುಳಿತರೆ ಕಿಡಿ ಹಾರಿ ಗೂಡು ಕರಗುತ್ತದೆ. ಇದರಲ್ಲಿ ದಿಕ್ಕಿನ ಸೂಕ್ಷ್ಮವೊಂದಿದೆ. ಫ್ಯೂಸ್ ಕಿತ್ತಾಗ ಗೂಡಿನ ಎರಡು ಬಾಯಿಗಳಲ್ಲಿ ಒಂದರಲ್ಲಿ ಮಾತ್ರ 12 ವೋಲ್ಟ್ ಇರುತ್ತದೆ. ಟ್ಯಾಪಿನ ಎರಡು ಕಾಲುಗಳಲ್ಲಿ ಎರಡೂ ಫ್ಯೂಸುಗಳಿಗೆ ಕರೆಂಟು ಕೊಡುವ ಕಾಲು ಆ ಬಾಯಿಗೆ ಬರಬೇಕು. ತಿರುಗಾಮುರುಗಾ ಆದರೆ ದೀಪ ಉರಿಯುತ್ತದೆಯಾದರೂ ಅದರ ಕರೆಂಟು ಹಳೆಯ ಫ್ಯೂಸಿನ ಮೂಲಕವೇ ಹಾದು ಅದಕ್ಕೆ ಹೆಚ್ಚಿನ ಹೊರೆಯಾಗುತ್ತದೆ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್, ಪವರ್ ಸ್ಟಿಯರಿಂಗ್ ಎಂದು ಬರೆದಿರುವ ಫ್ಯೂಸುಗಳ ಹತ್ತಿರ ಸುಳಿಯಬೇಡಿ. ಪಾರ್ಕಿಂಗ್ ಲೈಟಿನ ತಂತಿಗೆ ಜೋಡಿಸುವ ಹಳೆಯ ಪದ್ಧತಿಯೂ ಈಗಿನ ಕಾರುಗಳಿಗೆ ಸಲ್ಲದು. ಅನೇಕ ಮಾದರಿಗಳಲ್ಲಿ ಆ ದೀಪಗಳನ್ನು ಕಂಪ್ಯೂಟರೇ ನಿಯಂತ್ರಿಸುವುದರಿಂದ, ಅದು ಹೆಚ್ಚುವರಿ ಹೊರೆಯನ್ನು ದೋಷವೆಂದು ಭಾವಿಸುತ್ತದೆ.

ಎಂಜಿನ್ ಬದಿಯಿಂದ, ನೇರ ಬ್ಯಾಟರಿಯಿಂದ ತಂತಿ ಎಳೆಯುವ ಯೋಚನೆಯನ್ನು ಪೂರ್ತಿ ಬಿಟ್ಟುಬಿಡಿ. ಅಡಿಕೆ ಅಂಗಳವಿರುವ ಮನೆಗಳ ಶೆಡ್ಡಿನಲ್ಲಿ ಮಳೆಗಾಲಕ್ಕೆ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವುದು ನಿಮಗೆ ತಿಳಿಯದ್ದೇನಲ್ಲ. ಅವು ಮೊದಲು ಕಡಿಯುವುದು ಹೀಗೆ ಸಡಿಲವಾಗಿ ಹೊರಗೆ ಹಾದ ಹೊಸ ತಂತಿಯನ್ನೇ.

ಜಾಯಿಂಟುಗಳ ವಿಷಯದಲ್ಲಿ ಕಾಸರಗೋಡಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತಂತಿಯನ್ನು ಹಲ್ಲಿನಂತೆ ಕಚ್ಚಿ ಹಿಡಿಯುವ ಕ್ಲಿಪ್ಪುಗಳು ಒಣ ಸೀಮೆಯಲ್ಲಿ ಹೇಗೋ ನಡೆದಾವು. ನಮ್ಮ ಕರಾವಳಿಯ ಉಪ್ಪು ತೇವಕ್ಕೆ ಕಚ್ಚಿದ ಜಾಗದಲ್ಲೇ ತಾಮ್ರ ಹಸಿರುಗಟ್ಟುತ್ತದೆ. ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ತಂತಿಗಳನ್ನಿಟ್ಟು ಇಕ್ಕಳದಿಂದ ಒತ್ತಿ ಬಿಗಿದು), ಮೇಲೆ ಒಳಗಡೆ ಅಂಟು ಲೇಪಿಸಿರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಸಾಮಾನ್ಯ ಇನ್ಸುಲೇಷನ್ ಟೇಪು ಒಂದೇ ಬೇಸಗೆಗೆ ಗೋಂದು ಬಿಟ್ಟು ಬಿಚ್ಚಿಕೊಳ್ಳುತ್ತದೆ; ಕಾರಿನ ಕಾರ್ಖಾನೆಯವರು ಬಳಸುವಂತಹ ಬಟ್ಟೆಯ ಟೇಪು ಈಗ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಹುಳಿ ವಾಸನೆಯ ಸಿಲಿಕೋನ್ ಸೀಲಂಟನ್ನು ಜಾಯಿಂಟಿಗೆ ಮೆತ್ತಬೇಡಿ. ಆ ಹುಳಿ ಅಸಿಟಿಕ್ ಆಮ್ಲದ್ದು, ತಾಮ್ರವನ್ನು ತಿನ್ನುತ್ತದೆ. ಅರ್ತ್ ತಂತಿಗೆ ಕಾರಿನಲ್ಲಿ ಮೊದಲೇ ಇರುವ ಅರ್ತ್ ಬೋಲ್ಟನ್ನು ಬಳಸಿ, ಬಣ್ಣದ ಮೇಲೆ ಬಿಗಿದ ಬೋಲ್ಟ್ ಪ್ರಯೋಜನಕ್ಕಿಲ್ಲ.

ವಾರಂಟಿ ಪೂರ್ತಿ ಹೋಗುತ್ತದೆ ಎಂಬ ಮಾತು ಅತಿಶಯ. ಸಾಮಾನ್ಯವಾಗಿ ವಾರಂಟಿಯ ಷರತ್ತುಗಳು ಹೊರಗಿಡುವುದು ನಿಮ್ಮ ಮಾರ್ಪಾಟಿನಿಂದ ಉಂಟಾದ ಹಾನಿಯನ್ನು. ಆದರೆ ಕಾರ್ಖಾನೆಯ ತಂತಿಯನ್ನು ಕತ್ತರಿಸಿ ಸೇರಿಸಿದ್ದು ಕಂಡರೆ ಆ ಭಾಗದ ಯಾವ ದೋಷವನ್ನೂ ನಿಮ್ಮ ತಲೆಗೆ ಕಟ್ಟಲು ಅವರಿಗೆ ಆಧಾರ ಸಿಗುತ್ತದೆ. ಕತ್ತರಿಸದೆ, ಕಿತ್ತರೆ ಮೊದಲಿನಂತಾಗುವ ರೀತಿಯಲ್ಲಿ ಮಾಡಿದ ಕೆಲಸಕ್ಕೆ ಈ ಅಪಾಯ ಕಡಿಮೆ.

ಕಾನೂನಿನ ವಿಷಯ ಸ್ವಲ್ಪ ಸೂಕ್ಷ್ಮದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182-ಎ ವಿಧಿಯಂತೆ ಅನುಮತಿಯಿಲ್ಲದ ಮಾರ್ಪಾಟು ಒಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಇಲ್ಲವೇ ಎರಡೂ ಆಗಬಹುದು. 2022ರ ಅಕ್ಟೋಬರಿನಲ್ಲಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಶಾಲಾ ಪ್ರವಾಸದ ಬಸ್ಸು ಅಪಘಾತಕ್ಕೀಡಾಗಿ ಒಂಬತ್ತು ಮಂದಿ ತೀರಿಕೊಂಡ ಬಳಿಕ ಕೇರಳ ಹೈಕೋರ್ಟು ವಾಹನಗಳ ಬಣ್ಣದ, ಮಿನುಗುವ ದೀಪಗಳ ಮೇಲೆ ಕಣ್ಣಿಟ್ಟಿದೆ. ಇನ್ನೊಂದೆಡೆ, ಮುಂದಕ್ಕೆ ಕೆಂಪು ಬೆಳಕು ತೋರಿಸಬಾರದೆನ್ನುವ ಕೇಂದ್ರ ನಿಯಮವು ವಾಹನದ ಒಳಗಿನ ಬೆಳಕಿಗೆ ವಿನಾಯಿತಿ ಕೊಡುತ್ತದೆ. ಇವನ್ನೆಲ್ಲ ಕೂಡಿಸಿ ನೋಡಿದರೆ, ಕಾಲ ಬುಡದಲ್ಲಿ ಮಂದವಾಗಿ ಉರಿಯುವ, ಹೊರಗಿನವರಿಗೆ ಕಾಣದ ಬೆಳಕಿಗೆ ತಲಪಾಡಿಯಲ್ಲೋ ಕುಂಬಳೆಯಲ್ಲೋ ಯಾರಾದರೂ ತಡೆದು ನಿಲ್ಲಿಸುವ ಸಂಭವ ಕಡಿಮೆ, ಆದರೂ ತಪಾಸಣೆಯ ಅಧಿಕಾರಿಯ ತೀರ್ಮಾನಕ್ಕೆ ಅವಕಾಶವಿದ್ದೇ ಇದೆ. ಗಾಜಿನಾಚೆಗೆ ಕಾಣುವಂತೆ ಬಣ್ಣ ಬದಲಿಸುತ್ತ ಮಿನುಗುವ ದೀಪಕ್ಕೆ ದಂಡ ಬಿದ್ದರೆ ವಾದಿಸಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.

ಹಾಡಿಗೆ ಮಿನುಗುವ ವ್ಯವಸ್ಥೆಯನ್ನು ಕಾರು ಓಡುವಾಗ ಬಳಸಲೇಬೇಡಿ ಎನ್ನುವುದಕ್ಕೆ ದಂಡಕ್ಕಿಂತ ದೊಡ್ಡ ಕಾರಣ ಕಣ್ಣು. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು, ಅದನ್ನು ಕೆಡಿಸಲು ಕೆಲವೇ ಕ್ಷಣ ಸಾಕು. ಇರುಳು ನೋಡುವ ಕೋಶಗಳು ನೀಲಿ–ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ಜನರು ಹೆಚ್ಚು ಇಷ್ಟಪಡುವ ಆ ತಂಪು ನೀಲಿ ಬಣ್ಣವೇ ರಾತ್ರಿ ಪ್ರಯಾಣಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಕೆಂಪು ಆ ದೃಷ್ಟಿಯಿಂದ ವಾಸಿಯಾದರೂ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳ ಬಣ್ಣವೂ ಅದೇ ಆಗಿರುವುದರಿಂದ ನಾನು ಒಪ್ಪುವುದಿಲ್ಲ. ಕುಂಕುಮ ಕಲಸಿದ ಅರಸಿನದಂತಹ ಕಿತ್ತಳೆ ಹಳದಿಯನ್ನು, ಅತ್ಯಂತ ಕೆಳಗಿನ ಮಟ್ಟದಲ್ಲಿ ಇಟ್ಟುಕೊಳ್ಳಿ. ಪೆರ್ಲದಿಂದ ಹೆದ್ದಾರಿಗೆ ಇಳಿಯುವವರೆಗೆ ತೋಟಗಳ ನಡುವೆ ಬೀದಿದೀಪವಿಲ್ಲದ ತಿರುವುಗಳೇ ಹೆಚ್ಚು. ಅಲ್ಲಿ ಮುಂಗಾಜಿನಲ್ಲಿ ಒಳಗಿನ ದೀಪದ ಪ್ರತಿಬಿಂಬ ತೇಲಿದರೆ, ಅದರ ಹಿಂದೆ ನಡೆದು ಬರುವ ಮನುಷ್ಯ ಕಾಣುವುದಿಲ್ಲ.

ಅಳವಡಿಸಿದ ದಿನವೇ ರಾತ್ರಿ ಅಂಗಳದ ದೀಪಗಳನ್ನೆಲ್ಲ ಆರಿಸಿ, ಚಾಲಕನ ಸೀಟಿನಲ್ಲಿ ನೀವು ಒಮ್ಮೆ, ಮಗ ಒಮ್ಮೆ ಕುಳಿತು ಮುಂಗಾಜನ್ನೂ ಮೂರು ಕನ್ನಡಿಗಳನ್ನೂ ನೋಡಿ. ಎತ್ತರ ಬೇರೆಯಾದರೆ ಪ್ರತಿಬಿಂಬದ ಜಾಗವೂ ಬೇರೆಯಾಗುತ್ತದೆ. ಬೆಳಕಿನ ಮೂಲ ಒಬ್ಬರ ಕಣ್ಣಿಗಾದರೂ ನೇರವಾಗಿ ಬಿದ್ದರೆ ಪಟ್ಟಿಯನ್ನು ಇನ್ನೂ ಒಳಕ್ಕೆ ಸರಿಸಿ. ದುಬೈಗೆ ಹೊರಡುವ ಮುನ್ನ ಫ್ಯೂಸ್ ಟ್ಯಾಪಿನಿಂದ ಆ 3 ಆಂಪಿಯರಿನ ಫ್ಯೂಸನ್ನು ಕಿತ್ತು ಗ್ಲೋವ್ ಬಾಕ್ಸಿನಲ್ಲಿಟ್ಟು ಹೋಗಿ.